15 ಪೌಂಡಿನ ದಾರಕ್ಕೆ 30 ಪೌಂಡಿನ ಮೀನು ಸಿಗುವುದು ಹೇಗೆ?

ಅಮೆರಿಕದ ಬಾಸ್ಟನ್‌ನಿಂದ ಉತ್ತರಕ್ಕೆ ಒಂದು ಗಂಟೆ ಕಾರು ಓಡಿಸಿದರೆ ಮೆರಿಮ್ಯಾಕ್ ನದಿ ಅಟ್ಲಾಂಟಿಕ್ ಕಡಲಿಗೆ ಸೇರುವ ಜಾಗ ಸಿಗುತ್ತದೆ. ಒಂದು ಪಕ್ಕದಲ್ಲಿ ಪ್ಲಮ್ ಐಲ್ಯಾಂಡ್ ಎಂಬ ಉದ್ದನೆಯ ಮರಳು ದಿಬ್ಬ. ನಮ್ಮ ಕುಂದಾಪುರ ಕಡೆಯ ಮಾತಲ್ಲಿ ಹೇಳುವುದಾದರೆ ಅದೊಂದು ದೊಡ್ಡ ಅಳಿವೆ. ಮೇ ಕೊನೆಯ ಒಂದು ಸಂಜೆ ತೀರ್ಥಹಳ್ಳಿಯ ಗೆಳೆಯನೊಬ್ಬನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಅವನು ನನ್ನ ಗಾಳದ ಕೋಲನ್ನು ಕೈಗೆ ತಗೊಂಡು ತಿರುಗಿಸಿ ನೋಡಿದ. ಏಳು ಅಡಿ ಉದ್ದ, ಪೊರಕೆ ಕಡ್ಡಿಯಂಥ ತುದಿ, ರೀಲಿನಲ್ಲಿ ಹೊಲಿಗೆ ದಾರದಷ್ಟು ತೆಳ್ಳಗಿನ ದಾರ.

"ಅಲ್ಲ ಮಾರಾಯ, ದಾರದ ಡಬ್ಬಿ ಮೇಲೆ 15 ಪೌಂಡ್ ಅಂತ ಬರೆದಿದೆ. ನೀನು ಹೇಳೋ ಮೀನು 30 ಪೌಂಡ್ ತೂಗುತ್ತೆ. ಹರಿದು ಹೋಗಲ್ವಾ?" ಅಂದ.

ಕೇಳಬೇಕಾದ ಪ್ರಶ್ನೆಯೇ ಅದು. ಲೈಟ್ ಟ್ಯಾಕಲ್ ಅಂದರೆ ಹಗುರ ಸಲಕರಣೆಯಲ್ಲಿ ಸ್ಟ್ರೈಪ್ಡ್ ಬಾಸ್ ಹಿಡಿಯುವ ವಿದ್ಯೆ ಪೂರ್ತಿ ಅದರ ಉತ್ತರದಲ್ಲಿದೆ. ಅವತ್ತು ದಡದಲ್ಲಿ ನಿಂತು ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮೊದಲು ಮೀನಿನ ವಿಷಯ. ಬೆಳ್ಳಿ ಮೈ, ಎರಡೂ ಪಕ್ಕದಲ್ಲಿ ಕಿವಿರಿನಿಂದ ಬಾಲದವರೆಗೆ ಏಳೆಂಟು ಕಪ್ಪು ಪಟ್ಟೆ. ಅದಕ್ಕೇ ಸ್ಟ್ರೈಪ್ಡ್ ಬಾಸ್ ಎಂಬ ಹೆಸರು. ನ್ಯೂ ಇಂಗ್ಲೆಂಡಿನ, ಅಂದರೆ ಅಮೆರಿಕದ ಈಶಾನ್ಯ ಮೂಲೆಯ ರಾಜ್ಯಗಳ ಬೆಸ್ತರು ಸ್ಟ್ರೈಪರ್ ಅನ್ನುತ್ತಾರೆ. ದಕ್ಷಿಣದ ಚೆಸಪೀಕ್ ಕೊಲ್ಲಿಯಲ್ಲಿ ಇದೇ ಮೀನಿಗೆ ರಾಕ್‌ಫಿಶ್ ಅಂತ ಹೆಸರು. ಅಲ್ಲಿನ ಮೇರಿಲ್ಯಾಂಡ್ ರಾಜ್ಯದ ಅಧಿಕೃತ ಮೀನೂ ಇದೇ. ಇದು ಕಡಲಲ್ಲಿ ಬದುಕಿ ಸಿಹಿನೀರಿಗೆ ಬಂದು ಮೊಟ್ಟೆಯಿಡುತ್ತದೆ. ವಸಂತದಲ್ಲಿ ಚೆಸಪೀಕ್‌ಗೆ ಬಂದು ಸೇರುವ ಹೊಳೆಗಳನ್ನೂ, ಡೆಲವೇರ್ ಮತ್ತು ಹಡ್ಸನ್ ನದಿಗಳನ್ನೂ ಹತ್ತುತ್ತದೆ. ಮೊಟ್ಟೆಯಿಟ್ಟ ಮೇಲೆ ದೊಡ್ಡ ಮೀನುಗಳು ಕರಾವಳಿಯ ಗುಂಟ ಉತ್ತರಕ್ಕೆ ಹೊರಡುತ್ತವೆ. ನ್ಯೂಜೆರ್ಸಿ, ಲಾಂಗ್ ಐಲ್ಯಾಂಡ್, ರೋಡ್ ಐಲ್ಯಾಂಡ್, ಕೇಪ್ ಕಾಡ್ ದಾಟಿ ಮೇನ್ ರಾಜ್ಯದವರೆಗೆ ಹೋಗುತ್ತವೆ. ಮೇ ತಿಂಗಳಲ್ಲಿ ನಮ್ಮ ಕಡೆ ಬಂದವು ಅಕ್ಟೋಬರ್ ಹೊತ್ತಿಗೆ ವಾಪಸ್ ಹೊರಡುತ್ತವೆ. ನೀರು 13ರಿಂದ 20 ಡಿಗ್ರಿ ಸೆಲ್ಸಿಯಸ್ ಇದ್ದರೆ ಅವಕ್ಕೆ ಹಿತ.

ಮೂವತ್ತು ವರ್ಷದವರೆಗೆ ಬದುಕಬಲ್ಲ ಮೀನು ಇದು. ಗಾಳಕ್ಕೆ ಸಿಕ್ಕ ದಾಖಲೆ ಮೀನು 81.88 ಪೌಂಡ್, ಅಂದರೆ 37 ಕಿಲೋ. 2011ರ ಆಗಸ್ಟ್‌ನಲ್ಲಿ ಕನೆಕ್ಟಿಕಟ್ ರಾಜ್ಯದ ವೆಸ್ಟ್‌ಬ್ರೂಕ್ ಬಳಿ ಅದು ಸಿಕ್ಕಿತ್ತು. ದಿನನಿತ್ಯ ಸಿಗುವುದು ಎರಡು ಕಿಲೋದಿಂದ ಹತ್ತು ಕಿಲೋ ತೂಕದವು.

ಇದನ್ನು ಹಿಡಿಯುವ ಹಳೆಯ ಕ್ರಮ ಬೇರೆ. ಅಲೆಗಳ ಎದುರು ನಿಂತು ಹತ್ತು ಹನ್ನೊಂದು ಅಡಿಯ ಕೋಲಿನಿಂದ ನೂರು ಗ್ರಾಂ ತೂಕದ ಮರದ ಮೀನನ್ನು ದೂರ ಎಸೆಯುವುದು, ಅಥವಾ ದೋಣಿಯ ಹಿಂದೆ ದಪ್ಪ ತಂತಿ ಬಿಟ್ಟು ಎಳೆದುಕೊಂಡು ಹೋಗುವುದು. ಹಗುರ ಪದ್ಧತಿಯಲ್ಲಿ ಕೋಲು ಆರೂವರೆ ಏಳು ಅಡಿ. ರೀಲು ತಯಾರಕರ ಲೆಕ್ಕದಲ್ಲಿ 3000 ಅಥವಾ 4000 ಎಂಬ ಅಳತೆಯ ಸ್ಪಿನ್ನಿಂಗ್ ರೀಲು. ದಾರ 10ರಿಂದ 20 ಪೌಂಡಿನದು. ತುದಿಗೆ ಕಟ್ಟುವ ನಕಲಿ ಮೀನು, ಅಂದರೆ ಲ್ಯೂರ್, 15ರಿಂದ 40 ಗ್ರಾಂ. ಇದಕ್ಕೆ ಬರೆದಿಟ್ಟ ವ್ಯಾಖ್ಯೆ ಯಾವುದೂ ಇಲ್ಲ. ಆದರೆ ದಡದಲ್ಲಿ ನಿಂತವರು ಲೈಟ್ ಟ್ಯಾಕಲ್ ಅಂದರೆ ಹೆಚ್ಚುಕಮ್ಮಿ ಇದೇ ಅರ್ಥ.

ದಾರ ಯಾಕೆ ಹರಿಯುವುದಿಲ್ಲ?

ಬಾವಿಯಿಂದ ನೀರು ಸೇದಿದವರಿಗೆ ಅರ್ಧ ಉತ್ತರ ಆಗಲೇ ಗೊತ್ತಿದೆ. ತುಂಬಿದ ಕೊಡ ನೀರೊಳಗೆ ಇರುವವರೆಗೆ ಹಗ್ಗಕ್ಕೆ ಭಾರವೇ ಇರುವುದಿಲ್ಲ. ನೀರಿನಿಂದ ಮೇಲೆದ್ದ ಕ್ಷಣ ತೋಳು ಜಗ್ಗುತ್ತದೆ. ಮೀನಿನದೂ ಅದೇ ಕತೆ. ಸ್ಟ್ರೈಪರ್ ಹೊಟ್ಟೆಯೊಳಗೆ ಗಾಳಿಚೀಲ ಇದೆ. ಅದರಿಂದ ಮೀನು ನೀರಲ್ಲಿ ಮುಳುಗದೆ ತೇಲದೆ ನಿಲ್ಲುತ್ತದೆ. ಹಾಗಾಗಿ 30 ಪೌಂಡಿನ ಮೀನು ನೀರೊಳಗೆ ಇರುವಾಗ ದಾರದ ಮೇಲೆ 30 ಪೌಂಡ್ ಭಾರ ಬೀಳುವುದಿಲ್ಲ. ಬೀಳುವುದು ಅದರ ಈಜಿನ ಬಲ ಮಾತ್ರ. ಅದೇ ಮೀನನ್ನು ದಾರ ಹಿಡಿದು ನೀರಿನಿಂದ ಎತ್ತಲು ಹೋದರೆ ಆಗ ದಾರ ಖಂಡಿತ ಹರಿಯುತ್ತದೆ. ಇಷ್ಟಾಗಿಯೂ ದೊಡ್ಡ ಮೀನು ಒಮ್ಮೆ ಬಾಲ ಬೀಸಿ ಓಡಿದರೆ ಆ ಜಗ್ಗು 15 ಪೌಂಡ್ ದಾಟಬಹುದು. ಅಲ್ಲಿ ಕೆಲಸಕ್ಕೆ ಬರುವುದು ಡ್ರ್ಯಾಗ್.

ಡ್ರ್ಯಾಗ್ ಅಂದರೆ ರೀಲಿನೊಳಗಿನ ಬ್ರೇಕ್. ಒಂದರ ಮೇಲೊಂದು ಕೂತ ತೆಳು ಬಿಲ್ಲೆಗಳು, ಅವನ್ನು ಒತ್ತಿ ಹಿಡಿಯಲು ಮೇಲೊಂದು ತಿರುಪು. ಮೀನು ಒಂದು ಮಿತಿಗಿಂತ ಜಾಸ್ತಿ ಎಳೆದರೆ ಬಿಲ್ಲೆಗಳು ಜಾರುತ್ತವೆ, ದಾರ ಬಿಚ್ಚಿಕೊಂಡು ಹೋಗುತ್ತದೆ. ಬೆದರಿದ ಹೋರಿಯ ಹಗ್ಗ ಹಿಡಿದವನನ್ನು ನೋಡಿದ್ದೀರಾ? ಗಟ್ಟಿಯಾಗಿ ಹಿಡಿದು ನಿಂತರೆ ಹಗ್ಗ ಹರಿಯಬೇಕು, ಇಲ್ಲ ಅವನು ಬೀಳಬೇಕು. ಪೂರ್ತಿ ಬಿಟ್ಟರೆ ಹೋರಿ ಕಾಡು ಸೇರುತ್ತದೆ. ಬಲ್ಲವನು ಹಗ್ಗವನ್ನು ಕಂಬಕ್ಕೆ ಒಂದು ಸುತ್ತು ಹಾಕಿ ಬಿಗಿಯಾಗಿ ಜಾರಲು ಬಿಡುತ್ತಾನೆ. ಪ್ರತಿ ಹೆಜ್ಜೆಗೂ ಹೋರಿ ಬಲ ಖರ್ಚು ಮಾಡಬೇಕು. ಸ್ವಲ್ಪ ಹೊತ್ತಿಗೆ ಅದೇ ಸುಸ್ತಾಗಿ ನಿಲ್ಲುತ್ತದೆ. ಡ್ರ್ಯಾಗ್ ಮಾಡುವ ಕೆಲಸ ಅಷ್ಟೇ.

ಈ ತಿರುಪನ್ನು ಎಷ್ಟು ಬಿಗಿ ಮಾಡಬೇಕು? ದಾರದ ಶಕ್ತಿಯ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ. 15 ಪೌಂಡಿನ ದಾರಕ್ಕೆ 4ರಿಂದ 5 ಪೌಂಡ್, ಅಂದರೆ ಎರಡು ಕಿಲೋ ಆಸುಪಾಸು. ಇದನ್ನು ಕೈಯಂದಾಜಿನಲ್ಲಿ ಮಾಡಬೇಡಿ. ಊರಿಗೆ ಹೋಗುವ ಮುಂಚೆ ಸೂಟ್‌ಕೇಸ್ 23 ಕಿಲೋ ದಾಟಿತೇ ಅಂತ ನೋಡಲು ಒಂದು ಕೈತಕ್ಕಡಿ ಇಟ್ಟುಕೊಂಡಿರುತ್ತೇವಲ್ಲ, ಅದೇ ಸಾಕು. ದಾರದ ತುದಿಯನ್ನು ಅದರ ಕೊಕ್ಕೆಗೆ ಕಟ್ಟಿ. ತಕ್ಕಡಿಯನ್ನು ಬೇರೆಯವರ ಕೈಗೆ ಕೊಟ್ಟು ನಿಧಾನಕ್ಕೆ ಎಳೆಯಲು ಹೇಳಿ. ಎರಡು ಕಿಲೋಗೆ ದಾರ ಜಾರಲು ಶುರುವಾದರೆ ಹದ ಸರಿ ಇದೆ. ನಾನು ಪ್ರತಿ ವರ್ಷ ಏಪ್ರಿಲ್‌ನಲ್ಲಿ ಅಡುಗೆಮನೆಯಲ್ಲೇ ನಿಂತು ಇದನ್ನು ಮಾಡುತ್ತೇನೆ.

15 ಪೌಂಡ್ ತಡೆಯುವ ದಾರಕ್ಕೆ ಯಾಕೆ ಬರೀ 4 ಪೌಂಡ್? ಮೂರು ಕಾರಣ ಇದೆ. ಮೊದಲನೆಯದು ಗಂಟು. ಯಾವ ಗಂಟು ಹಾಕಿದರೂ ದಾರದ ಶಕ್ತಿ ಸ್ವಲ್ಪ ಕಮ್ಮಿಯಾಗುತ್ತದೆ. ಎರಡನೆಯದು, ಕೋಲು ಬಾಗಿದಾಗ ಅದರ ಮೇಲಿನ ಬಳೆಗಳಿಗೆ ದಾರ ಉಜ್ಜುತ್ತದೆ, ಉದ್ದಕ್ಕೆ ಬಿಟ್ಟ ದಾರ ನೀರಲ್ಲಿ ಎಳೆದಾಡುತ್ತದೆ. ಇವೆರಡೂ ನೀವಿಟ್ಟ ಹದದ ಮೇಲೆ ಸೇರಿಕೊಳ್ಳುತ್ತವೆ. ಮೂರನೆಯದನ್ನು ಜಾಸ್ತಿ ಜನ ಗಮನಿಸುವುದಿಲ್ಲ. ರೀಲಿನ ಸುರುಳಿಯಿಂದ ದಾರ ಹೊರಗೆ ಹೋದ ಹಾಗೆ ಸುರುಳಿ ಸಣ್ಣದಾಗುತ್ತದೆ. ತಿರುಪು ಮುಟ್ಟದಿದ್ದರೂ ಡ್ರ್ಯಾಗ್ ತಾನಾಗೇ ಬಿಗಿಯಾಗುತ್ತದೆ. ದೊಡ್ಡ ರಾಟೆ ತಿರುಗಿಸುವುದು ಸುಲಭ, ಸಣ್ಣ ರಾಟೆ ತಿರುಗಿಸುವುದು ಕಷ್ಟ ಅಲ್ವಾ, ಹಾಗೆ. ಸುರುಳಿಯ ಅಗಲ ಅರ್ಧಕ್ಕೆ ಇಳಿದರೆ ಅದನ್ನು ತಿರುಗಿಸಲು ಎರಡು ಪಟ್ಟು ಬಲ ಬೇಕು. 4 ಪೌಂಡ್ ಇದ್ದದ್ದು 8 ಆಗಿರುತ್ತದೆ.

ನನಗೆ ಇದು ಗೊತ್ತಾದದ್ದು ಒಂದು ದೊಡ್ಡ ಮೀನು ಕಳೆದುಕೊಂಡ ಮೇಲೆ. ಮೀನು ನೂರು ಮೀಟರ್ ದಾರ ಎಳೆದುಕೊಂಡು ಹೋಗಿತ್ತು. ಇನ್ನೇನು ರೀಲು ಖಾಲಿಯಾಗುತ್ತೆ ಅಂತ ಹೆದರಿ ತಿರುಪನ್ನು ಒಂದು ಸುತ್ತು ಬಿಗಿ ಮಾಡಿದೆ. ಆ ಹೊತ್ತಿಗೆ ಡ್ರ್ಯಾಗ್ ಆಗಲೇ ಬಿಗಿಯಾಗಿತ್ತು. ಮುಂದಿನ ಜಗ್ಗಿಗೆ ದಾರ ಟಪ್ ಅಂತ ಹೋಯಿತು. ಆಗ ಮಾಡಬೇಕಾಗಿದ್ದು ತಿರುಪನ್ನು ಸಡಿಲ ಮಾಡುವುದು, ಇಲ್ಲವೇ ಸುಮ್ನೆ ಇರುವುದು. ಆ ಮೀನು ಬಾಯಲ್ಲಿ ಕೊಕ್ಕೆಯ ಜೊತೆ ಎಷ್ಟು ದಿನ ಈಜಿತೋ ಎಂಬ ಯೋಚನೆ ಈಗಲೂ ಬರುತ್ತದೆ.

ಇನ್ನು ಕೋಲು. ಬಾಗುವ ಕೋಲು ಒಂದು ಸ್ಪ್ರಿಂಗ್. ಮೀನು ತಟ್ಟನೆ ತಲೆ ಕೊಡವಿದಾಗ ಬರುವ ಏಟನ್ನು ಅದು ನುಂಗಿಕೊಳ್ಳುತ್ತದೆ. ಡ್ರ್ಯಾಗ್ ಜಾರಲು ಶುರುವಾಗುವ ಮುಂಚಿನ ಆ ಅರೆಕ್ಷಣವನ್ನು ಕೋಲು ಕಾಯುತ್ತದೆ. ಹಳೆಯ ನೈಲಾನ್ ದಾರ ಹಿಗ್ಗುತ್ತಿತ್ತು, ಅದೇ ಒಂದು ಸ್ಪ್ರಿಂಗ್ ಆಗಿತ್ತು. ಈಗ ಎಲ್ಲರೂ ಬಳಸುವ ಹೆಣೆದ ದಾರ, ಬ್ರೇಡ್, ಹೆಚ್ಚುಕಮ್ಮಿ ಹಿಗ್ಗುವುದೇ ಇಲ್ಲ. ಅದಕ್ಕೇ ಕೋಲಿನ ಬಾಗು ಮತ್ತು ಡ್ರ್ಯಾಗಿನ ನಯ ಎರಡೂ ಮೊದಲಿಗಿಂತ ಮುಖ್ಯವಾಗಿವೆ. ದುಡ್ಡು ಹಾಕುವುದಿದ್ದರೆ ನಯವಾಗಿ ಜಾರುವ ಡ್ರ್ಯಾಗ್ ಇರುವ ರೀಲಿಗೆ ಹಾಕಿ. ಕೋಲು ಮಧ್ಯಮ ಬೆಲೆಯದಾದರೂ ನಡೆಯುತ್ತದೆ.

ಹಗುರವೇ ಯಾಕೆ?

ಹಗುರ ಸಲಕರಣೆ ಬರೀ ಮಜಾಕ್ಕೆ ಎಂದು ಹಲವರು ತಿಳಿದಿದ್ದಾರೆ. ಮಜಾ ಇದೆ ನಿಜ. ಆದರೆ ಕೆಲವು ಹೊತ್ತಲ್ಲಿ ಹಗುರ ಸಲಕರಣೆಗೆ ಮಾತ್ರ ಮೀನು ಸಿಗುತ್ತದೆ.

ಅದಕ್ಕೆ ಕಾರಣ ದಾರದ ದಪ್ಪ. 15 ಪೌಂಡಿನ ಬ್ರೇಡ್ ಅದೇ ಶಕ್ತಿಯ ನೈಲಾನ್ ದಾರದ ಸುಮಾರು ಅರ್ಧ ದಪ್ಪ ಇರುತ್ತದೆ. ತೆಳು ದಾರಕ್ಕೆ ಗಾಳಿ ತಾಗುವುದು ಕಮ್ಮಿ, ನೀರಿನ ಸೆಳೆತ ತಾಗುವುದೂ ಕಮ್ಮಿ. 20 ಗ್ರಾಂ ಲ್ಯೂರನ್ನು ದೂರ ಎಸೆಯಬಹುದು. ಅದು ಬೇಗ ತಳ ಮುಟ್ಟುತ್ತದೆ. ತಳದ ಕಲ್ಲು ಯಾವುದು, ಮರಳು ಯಾವುದು, ಮೀನಿನ ತುಟಿ ಯಾವುದು ಎಂದು ಬೆರಳಿಗೆ ತಿಳಿಯುತ್ತದೆ. ತುದಿಯಲ್ಲಿ ಎರಡು ಮೂರು ಅಡಿ 20 ಅಥವಾ 30 ಪೌಂಡಿನ ಫ್ಲೋರೋಕಾರ್ಬನ್ ದಾರ ಕಟ್ಟುತ್ತೇವೆ, ಅದಕ್ಕೆ ಲೀಡರ್ ಅನ್ನುತ್ತಾರೆ. ಅದು ನೀರಲ್ಲಿ ಕಾಣುವುದು ಕಮ್ಮಿ, ಕಲ್ಲಿಗೆ ಉಜ್ಜಿದರೂ ಬಾಳುತ್ತದೆ. ಸ್ಟ್ರೈಪರ್‌ಗೆ ಚೂಪು ಹಲ್ಲಿಲ್ಲ. ಹಾಗಾಗಿ ತಂತಿಯ ಲೀಡರ್ ಬೇಡ. ಅದೇ ನೀರಲ್ಲಿ ಓಡಾಡುವ ಬ್ಲೂಫಿಶ್ ಬಾಯಿ ಹಾಕಿದರೆ ಮಾತ್ರ ಈ ಲೀಡರ್ ಕತ್ತರಿಸಿ ಹೋಗುತ್ತದೆ.

ಒಂದು ಉದಾಹರಣೆ ಹೇಳುತ್ತೇನೆ. ರೋಡ್ ಐಲ್ಯಾಂಡಿನ ದಕ್ಷಿಣ ದಂಡೆಯಲ್ಲಿ ನಿನಿಗ್ರೆಟ್‌ನಂಥ ಉಪ್ಪುನೀರಿನ ಹಿನ್ನೀರುಗಳಿವೆ. ಮೇ, ಜೂನ್‌ನಲ್ಲಿ ನೀರು ಬೆಚ್ಚಗಾದಾಗ ಅಲ್ಲಿನ ಕೆಸರಿನಿಂದ ಸಿಂಡರ್ ವರ್ಮ್ ಎಂಬ ಕೆಂಪು ಹುಳುಗಳು ಸಂಜೆ ಮೇಲೆದ್ದು ಬರುತ್ತವೆ. ಬೆರಳುದ್ದವೂ ಇಲ್ಲದ ಹುಳು, ಲೆಕ್ಕವಿಲ್ಲದಷ್ಟು. ಸ್ಟ್ರೈಪರ್‌ಗಳು ನೀರಿನ ಮೇಲೆ ಮೂತಿ ಇಟ್ಟು ಅವನ್ನು ಹೀರುತ್ತವೆ. ಎಲ್ಲೆಲ್ಲೂ ಸಣ್ಣ ಉಂಗುರಗಳು ಏಳುತ್ತಿರುತ್ತವೆ. ಆಗ ಗೇಣುದ್ದದ ಮರದ ಮೀನು ಎಸೆದರೆ ತಿರುಗಿಯೂ ನೋಡುವುದಿಲ್ಲ. ಬೆರಳಿನಷ್ಟು ಸಣ್ಣ ಲ್ಯೂರ್ ಅಥವಾ ಹುಳುವಿನ ಹಾಗೆ ಕಟ್ಟಿದ ಫ್ಲೈ ಬೇಕು. ಅಷ್ಟು ಹಗುರದ್ದನ್ನು ಎಸೆಯಲು ಹಗುರ ಕೋಲೇ ಬೇಕು.

ಮೀನು ಏನು ತಿನ್ನುತ್ತಿದೆಯೋ ಅದರ ಅಳತೆಗೆ ಸರಿಯಾಗಿ ಕಟ್ಟುವುದು ಲ್ಯೂರ್ ಆರಿಸುವ ಮೊದಲ ನಿಯಮ. ಜೂನ್‌ನಲ್ಲಿ ಪೆನ್ಸಿಲ್‌ನಂಥ ಸ್ಯಾಂಡ್ ಈಲ್ ಎಂಬ ಸಣ್ಣ ಮೀನು ಇದ್ದರೆ ತೆಳ್ಳಗಿನ ರಬ್ಬರ್ ಮೀನು. ಮೆನ್‌ಹೇಡನ್ ಇದ್ದರೆ ಅಗಲ ಮೈಯ ದೊಡ್ಡ ಲ್ಯೂರ್. ಮೆನ್‌ಹೇಡನ್ ನಮ್ಮ ಬೂತಾಯಿಯ ಹತ್ತಿರದ ಬಳಗದ್ದು, ಮೈತುಂಬಾ ಎಣ್ಣೆ. ನ್ಯೂಜೆರ್ಸಿಯಲ್ಲಿ ಅದನ್ನು ಬಂಕರ್ ಅನ್ನುತ್ತಾರೆ, ನ್ಯೂ ಇಂಗ್ಲೆಂಡಿನಲ್ಲಿ ಪೋಗಿ. ತಲೆಗೆ ಸೀಸದ ಗುಂಡು ಇರುವ ಜಿಗ್ ಆದರೆ ತಳ ಮುಟ್ಟುವಷ್ಟೇ ತೂಕ ಇರಲಿ, ಅದಕ್ಕಿಂತ ಒಂದು ಗ್ರಾಂ ಜಾಸ್ತಿ ಬೇಡ. ನೀರಿನ ಮೇಲೆ ಅತ್ತ ಇತ್ತ ಹೊರಳುತ್ತಾ ಬರುವ ಲ್ಯೂರ್‌ಗೆ ಮೀನು ಹಾರಿ ಬಡಿದಾಗ ಕೂಡಲೇ ಜಗ್ಗಬೇಡಿ. ನೀರು ಎರಚಿದ್ದು ಕಣ್ಣಿಗೆ ಕಂಡರೆ ಸಾಲದು, ಭಾರ ಕೈಗೆ ಬರಬೇಕು. ಆಮೇಲೆ ಎಳೆಯಿರಿ.

ನೀರಿನ ಓಟ

ಸಲಕರಣೆ ಎಷ್ಟೇ ಚೆನ್ನಾಗಿರಲಿ, ನೀರು ಓದಲು ಬಾರದಿದ್ದರೆ ಬರಿಗೈ. ಇದನ್ನು ನಾನು ಗಂಗೊಳ್ಳಿ ಅಳಿವೆಯಲ್ಲಿ ಹುಡುಗನಾಗಿದ್ದಾಗಲೇ ಕಲಿತಿದ್ದೆ. ಆದರೆ ಇಲ್ಲಿ ಮತ್ತೆ ಕಲಿಯಬೇಕಾಯಿತು. ನಮ್ಮ ಕರಾವಳಿಯಲ್ಲಿ ಉಬ್ಬರ ಇಳಿತದ ಅಂತರ ಒಂದೂವರೆ ಮೀಟರಿನ ಆಸುಪಾಸು. ಬಾಸ್ಟನ್ ಕಡೆ ಅದು ಸುಮಾರು ಮೂರು ಮೀಟರ್. ಬೆಳಿಗ್ಗೆ ಸೊಂಟದವರೆಗೆ ನೀರಿದ್ದ ಜಾಗದಲ್ಲಿ ಮಧ್ಯಾಹ್ನ ಒಣ ಮರಳು ಇರುತ್ತದೆ. ಅಷ್ಟೂ ನೀರು ಆರು ಗಂಟೆ ಚಿಲ್ಲರೆಯಲ್ಲಿ ಒಳಗೆ ಬರಬೇಕು, ಮತ್ತೆ ಆರು ಗಂಟೆ ಚಿಲ್ಲರೆಯಲ್ಲಿ ಹೊರಗೆ ಹೋಗಬೇಕು. ಅಳಿವೆಯ ಬಾಯಲ್ಲಿ ಅದರ ಸೆಳೆತ ಎಷ್ಟಿರಬಹುದು, ನೀವೇ ಯೋಚಿಸಿ.

ಸಣ್ಣ ಮೀನು, ಏಡಿ, ಸೀಗಡಿಗಳಿಗೆ ಆ ಸೆಳೆತದ ಎದುರು ಈಜುವ ಬಲ ಇಲ್ಲ. ಅವು ನೀರಿನ ಜೊತೆ ಕೊಚ್ಚಿಕೊಂಡು ಬರುತ್ತವೆ. ಸ್ಟ್ರೈಪರ್‌ಗೆ ಅಗಲ ಬಾಲ, ದಪ್ಪ ಮೈ. ಅದು ಒಂದು ಕಲ್ಲಿನ ಮರೆಯಲ್ಲೋ, ಮರಳು ದಿಬ್ಬದ ಅಂಚಿನಲ್ಲೋ, ಓಟದ ನೀರು ನಿಧಾನದ ನೀರಿಗೆ ತಾಗುವ ಗೆರೆಯಲ್ಲೋ ಹರಿವಿಗೆ ಮುಖ ಮಾಡಿ ನಿಲ್ಲುತ್ತದೆ. ಊಟ ಅದರ ಬಳಿಗೇ ಬರುತ್ತದೆ. ಹಾಗಾಗಿ ಲ್ಯೂರನ್ನು ಹರಿವಿನ ಮೇಲ್ಭಾಗಕ್ಕೆ ಅಡ್ಡಲಾಗಿ ಎಸೆದು ನೀರಿನ ಜೊತೆ ಇಳಿದು ಬರಲು ಬಿಡಬೇಕು. ಹರಿವಿನ ಎದುರು ರಭಸದಿಂದ ಈಜುವ ಪುಟ್ಟ ಮೀನನ್ನು ಯಾವ ಸ್ಟ್ರೈಪರ್ ತಾನೇ ನಂಬುತ್ತದೆ?

ಪ್ಲಮ್ ಐಲ್ಯಾಂಡಿನ ಹಿಂದೆ ಗ್ರೇಟ್ ಮಾರ್ಶ್ ಎಂಬ ಜೌಗು ಬಯಲಿದೆ. ಉಬ್ಬರದಲ್ಲಿ ಹುಲ್ಲಿನ ಬುಡದವರೆಗೆ ಉಪ್ಪುನೀರು ತುಂಬುತ್ತದೆ. ಇಳಿತದಲ್ಲಿ ಆ ನೀರೆಲ್ಲಾ ಸಣ್ಣ ತೋಡುಗಳ ಮೂಲಕ ಹೊರಗೆ ಬರುತ್ತದೆ, ಜೊತೆಗೆ ಹುಲ್ಲಲ್ಲಿ ಅಡಗಿದ್ದ ಮರಿಮೀನುಗಳೂ ಬರುತ್ತವೆ. ತೋಡಿನ ಬಾಯಲ್ಲಿ ಇಳಿತದ ನಡುವಿನ ಎರಡು ಗಂಟೆ ನಿಂತು ನೋಡಿ. ನನ್ನ ಅನುಭವದಲ್ಲಿ ಹಗುರ ಕೋಲಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಹೊಸಬರು ಒಂದು ತಪ್ಪು ಮಾಡುತ್ತಾರೆ. ಉಬ್ಬರ ಇಳಿತದ ವೇಳಾಪಟ್ಟಿಯಲ್ಲಿ ಉಬ್ಬರ 6 ಗಂಟೆಗೆ ಎಂದಿದ್ದರೆ 6 ಗಂಟೆಗೆ ನೀರು ತಿರುಗುತ್ತದೆ ಎಂದುಕೊಳ್ಳುತ್ತಾರೆ. ಪಟ್ಟಿ ಹೇಳುವುದು ನೀರಿನ ಎತ್ತರ. ನೀರಿನ ಓಟ ಬೇರೆ. ಉದ್ದನೆಯ ಅಳಿವೆಗಳಲ್ಲಿ ಎತ್ತರ ಮುಗಿದ ಮೇಲೂ ಹರಿವು ಸ್ವಲ್ಪ ಹೊತ್ತು ಒಳಗೇ ಹೋಗುತ್ತಿರುತ್ತದೆ. ಪ್ರತಿ ಜಾಗಕ್ಕೂ ಈ ವ್ಯತ್ಯಾಸ ಬೇರೆ. ಅಲ್ಲೇ ನಿಂತು ಗಡಿಯಾರ ನೋಡಿ ಬರೆದಿಟ್ಟುಕೊಳ್ಳಬೇಕು. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುವುದರಿಂದ ಇವತ್ತು ಕತ್ತಲಲ್ಲಿ ಸಿಕ್ಕ ಇಳಿತ ಮುಂದಿನ ವಾರ ಬೇರೆ ಹೊತ್ತಿಗೆ ಬಿದ್ದಿರುತ್ತದೆ. ಸ್ಟ್ರೈಪರ್ ಮಂದ ಬೆಳಕಲ್ಲಿ ಚೆನ್ನಾಗಿ ಬೇಟೆಯಾಡುತ್ತದೆ. ಮೈ ಪಕ್ಕದ ಸೂಕ್ಷ್ಮ ಗೆರೆಯಿಂದ ನೀರಿನ ಅಲುಗಾಟವನ್ನು ಹಿಡಿಯುತ್ತದೆ. ಹಾಗಾಗಿ ಓಡುವ ನೀರು ಮತ್ತು ಮುಸ್ಸಂಜೆ ಒಟ್ಟಿಗೆ ಸಿಗುವ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.

ಮೆರಿಮ್ಯಾಕ್ ಬಾಯಿಗೆ ಸಣ್ಣ ದೋಣಿಯಲ್ಲಿ ಹೋಗುವವರಿಗೆ ಒಂದು ಮಾತು. ಇಳಿತದ ನೀರು ಹೊರಗೆ ಓಡುವಾಗ ಎದುರಿನಿಂದ ಕಡಲಿನ ಅಲೆ ಬಂದರೆ ಅಲ್ಲಿ ನೀರು ಗೋಡೆಯ ಹಾಗೆ ಎದ್ದು ನಿಲ್ಲುತ್ತದೆ. ಆ ಹೊತ್ತಲ್ಲಿ ಹೋಗಬೇಡಿ.

ಎಷ್ಟು ಹಗುರ ಸರಿ?

ಹಗುರ ಅಂದ ಮಾತ್ರಕ್ಕೆ ಎಲ್ಲ ಕಡೆ ಸಲ್ಲುವುದಿಲ್ಲ. ಕೇಪ್ ಕಾಡ್ ಕಾಲುವೆಯನ್ನೇ ತಗೊಳ್ಳಿ. ಎರಡು ಕೊಲ್ಲಿಗಳನ್ನು ಸೇರಿಸುವ, 1914ರಲ್ಲಿ ತೆರೆದ ಕಾಲುವೆ ಅದು. ಎರಡೂ ಕಡೆಯ ಉಬ್ಬರದ ಹೊತ್ತು ಬೇರೆ ಬೇರೆ ಆದ್ದರಿಂದ ಮಧ್ಯದ ನೀರು ಮಳೆಗಾಲದ ಹೊಳೆಯ ಹಾಗೆ ಓಡುತ್ತದೆ. ದಡದ ತುಂಬಾ ಬಂಡೆ. ಅಲ್ಲಿ 20 ಗ್ರಾಂ ಲ್ಯೂರ್ ತಳ ಮುಟ್ಟುವುದೇ ಇಲ್ಲ. ದೊಡ್ಡ ಮೀನು ಆ ಓಟಕ್ಕೆ ಮೈಯೊಡ್ಡಿದರೆ ಹಗುರ ಕೋಲಿನಿಂದ ತಿರುಗಿಸಲು ಆಗುವುದಿಲ್ಲ. ಅಲ್ಲಿ ಉದ್ದ ಕೋಲಿನವರೇ ಸರಿ.

ಇದಕ್ಕಿಂತ ದೊಡ್ಡ ಮಿತಿ ಮೀನಿನ ಜೀವ. ಹಗುರ ಸಲಕರಣೆಯಲ್ಲಿ ಗುದ್ದಾಟ ಉದ್ದವಾದಷ್ಟೂ ಮೀನಿನ ಸ್ನಾಯುಗಳಲ್ಲಿ ಆಮ್ಲ ತುಂಬುತ್ತದೆ, ಉಸಿರು ಸಾಲದೆ ಹೋಗುತ್ತದೆ. ಬೇಸಿಗೆಯ ಬೆಚ್ಚಗಿನ ನೀರಲ್ಲಿ ಆಮ್ಲಜನಕವೂ ಕಮ್ಮಿ. ಆಗ ಬಿಟ್ಟ ಮೀನು ಈಜಿಕೊಂಡು ಹೋದರೂ ಆಮೇಲೆ ಸಾಯಬಹುದು. ಈ ಕರಾವಳಿಯಲ್ಲಿ ಹವ್ಯಾಸಿಗಳು ಹಿಡಿದ ಸ್ಟ್ರೈಪರ್‌ಗಳಲ್ಲಿ ಹತ್ತರಲ್ಲಿ ಒಂಬತ್ತನ್ನು ವಾಪಸ್ ಬಿಡುತ್ತಾರೆ. ಬಿಟ್ಟ ನೂರರಲ್ಲಿ ಒಂಬತ್ತು ಸಾಯುತ್ತವೆ ಎಂದು ವಿಜ್ಞಾನಿಗಳು ಲೆಕ್ಕ ಹಿಡಿಯುತ್ತಾರೆ. ಕೋಟಿಗಟ್ಟಲೆ ಬಿಡುವಾಗ ಆ ಒಂಬತ್ತು ಸಣ್ಣ ಸಂಖ್ಯೆಯಲ್ಲ.

ಈ ಮೀನು ಒಮ್ಮೆ ಹೆಚ್ಚುಕಮ್ಮಿ ಕೈಬಿಟ್ಟೇ ಹೋಗಿತ್ತು. 1639ರಷ್ಟು ಹಿಂದೆಯೇ ಮ್ಯಾಸಚೂಸೆಟ್ಸ್ ವಸಾಹತಿನವರು ಸ್ಟ್ರೈಪರ್ ಮತ್ತು ಕಾಡ್ ಮೀನನ್ನು ಹೊಲಕ್ಕೆ ಗೊಬ್ಬರ ಮಾಡಬಾರದು ಎಂದು ಕಾನೂನು ಮಾಡಿದ್ದರು. ಗೊಬ್ಬರ ಮಾಡುವಷ್ಟು ಮೀನಿತ್ತು ಆಗ. 1970ರ ದಶಕದ ಕೊನೆಗೆ ಸಂತತಿ ಕುಸಿಯಿತು. 1984ರಲ್ಲಿ ಈ ಮೀನನ್ನು ಕಾಪಾಡಲು ಅಮೆರಿಕದ ಕೇಂದ್ರ ಸರ್ಕಾರದ ಕಾನೂನು ಬಂತು. 1985ರಿಂದ ಐದು ವರ್ಷ ಮೇರಿಲ್ಯಾಂಡ್ ಈ ಮೀನು ಹಿಡಿಯುವುದನ್ನೇ ನಿಲ್ಲಿಸಿತು. ಮೀನು ಚೇತರಿಸಿಕೊಂಡಿತು. 1995ರಲ್ಲಿ ಸಂತತಿ ಮರಳಿ ಬಂದಿದೆ ಎಂದು ಘೋಷಿಸಿದರು. 2019ರಲ್ಲಿ ಹೊರಬಂದ ಅಂದಾಜು ಮತ್ತೆ ಕೆಟ್ಟ ಸುದ್ದಿ ತಂತು, ಹಿಡಿಯುವುದು ಮಿತಿ ಮೀರಿದೆ ಅಂತ.

ಮರಿಗಳ ಲೆಕ್ಕ ಇನ್ನೂ ಚಿಂತೆ ಹುಟ್ಟಿಸುತ್ತದೆ. ಮೇರಿಲ್ಯಾಂಡಿನವರು 1954ರಿಂದ ಪ್ರತಿ ಬೇಸಿಗೆ ಚೆಸಪೀಕ್‌ನಲ್ಲಿ ಬಲೆ ಹಾಕಿ ಆ ವರ್ಷದ ಮರಿಗಳನ್ನು ಎಣಿಸುತ್ತಾರೆ. ಬಹುಕಾಲದ ಸರಾಸರಿ ಒಂದು ಬಲೆಗೆ ಸುಮಾರು 11. 2023ರಲ್ಲಿ ಸಿಕ್ಕಿದ್ದು 1, 2024ರಲ್ಲಿ 2. ಸ್ಟ್ರೈಪರ್ ಮೊಟ್ಟೆ ಹರಿಯುವ ನೀರಲ್ಲಿ ಎರಡು ದಿನ ತೇಲುತ್ತಾ ಇರಬೇಕು. ಹರಿವು ಸಾಲದೆ ತಳಕ್ಕಿಳಿದರೆ ಕೆಸರಲ್ಲಿ ಉಸಿರುಕಟ್ಟುತ್ತದೆ. ಚಳಿಗಾಲ ಬೆಚ್ಚಗಾಗಿ ವಸಂತದ ನೀರು ಕಮ್ಮಿಯಾದ ವರ್ಷ ಮರಿಗಳು ಉಳಿಯುವುದು ಕಷ್ಟ.

ಅದಕ್ಕೇ ಈಗಿನ ನಿಯಮ ಬಿಗಿ. 2024ರ ನಿಯಮದ ಪ್ರಕಾರ ಕಡಲ ಕಡೆ ದಿನಕ್ಕೊಂದು ಮೀನು, ಅದೂ 28ರಿಂದ 31 ಇಂಚಿನೊಳಗೆ ಇರಬೇಕು. ಚೆಸಪೀಕ್ ಕೊಲ್ಲಿಯೊಳಗೆ 19ರಿಂದ 24 ಇಂಚು. ಚಿಕ್ಕದನ್ನು ಬಿಡು ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ. ದೊಡ್ಡದನ್ನು ಯಾಕೆ ಬಿಡಬೇಕು? ಯಾಕೆಂದರೆ ತುಂಬಾ ದೊಡ್ಡ ಸ್ಟ್ರೈಪರ್‌ಗಳು ಹೆಚ್ಚುಕಮ್ಮಿ ಎಲ್ಲವೂ ಹೆಣ್ಣು. ಒಂದೊಂದೂ ವರ್ಷಕ್ಕೆ ಲಕ್ಷಗಟ್ಟಲೆ ಮೊಟ್ಟೆ ಇಡುತ್ತದೆ. ಜೀವಂತ ಅಥವಾ ಸತ್ತ ಮೀನಿನ ಎರೆ ಬಳಸುವವರು 2021ರಿಂದ ಸರ್ಕಲ್ ಹುಕ್ ಎಂಬ ಒಳಬಾಗಿದ ಕೊಕ್ಕೆಯನ್ನೇ ಬಳಸಬೇಕು. ಅದು ಹೊಟ್ಟೆಗೆ ಇಳಿಯದೆ ತುಟಿಯ ಮೂಲೆಗೆ ಸಿಕ್ಕಿಕೊಳ್ಳುತ್ತದೆ. ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ, ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಹೊರಡುವ ಮುಂಚೆ ನಿಮ್ಮ ರಾಜ್ಯದ ಮೀನುಗಾರಿಕೆ ಇಲಾಖೆಯ ಪುಟ ನೋಡಿ, ಪರವಾನಗಿಯನ್ನೂ ಮಾಡಿಸಿಕೊಳ್ಳಿ.

ಹಾಗಾದರೆ ಎಷ್ಟು ಹಗುರ ಸರಿ? ಆ ದಿನ ಸಿಗಬಹುದಾದ ದೊಡ್ಡ ಮೀನನ್ನು ಕೆಲವೇ ನಿಮಿಷದಲ್ಲಿ ದಡಕ್ಕೆ ತರುವಷ್ಟು ಬಲ ಇರಬೇಕು. ಅದಕ್ಕಿಂತ ಹಗುರ ಬೇಡ. ಮೇ ತಿಂಗಳ ತಣ್ಣನೆಯ ನೀರಲ್ಲಿ ಎರಡು ಕಿಲೋದ ಮೀನುಗಳ ಹಿಂಡಿಗೆ 10 ಪೌಂಡಿನ ದಾರ ಸಾಕು. ಜುಲೈನಲ್ಲಿ ಮೆನ್‌ಹೇಡನ್ ಹಿಂಡಿನ ಹಿಂದೆ ಹದಿನೈದು ಕಿಲೋದ ಮೀನು ಓಡಾಡುವಾಗ ಅದೇ ದಾರ ತಗೊಂಡು ಹೋಗುವುದು ತಪ್ಪು. ಆಗ ನಾನು 30 ಪೌಂಡಿನ ದಾರ, ಗಟ್ಟಿ ಕೋಲು ಹಿಡಿಯುತ್ತೇನೆ. ಬಿಸಿಲು ತೀರಾ ಜೋರಿದ್ದರೆ ಹೋಗುವುದೇ ಇಲ್ಲ.

ಕೈಯ ಕೆಲಸವೂ ಇದೆ. ಮೀನು ಓಡುವಾಗ ಹಿಡಿಕೆ ತಿರುಗಿಸಬೇಡಿ. ಡ್ರ್ಯಾಗ್ ಜಾರುವಾಗ ತಿರುಗಿಸಿದರೆ ಸ್ಪಿನ್ನಿಂಗ್ ರೀಲಿನಲ್ಲಿ ದಾರ ಒಳಗೆ ಬರುವುದಿಲ್ಲ, ಬರೀ ಹುರಿ ಏರುತ್ತದೆ. ಮೀನು ನಿಂತಾಗ ಕೋಲನ್ನು ಪಕ್ಕಕ್ಕೆ ವಾಲಿಸಿ ಅದರ ತಲೆ ತಿರುಗಿಸಿ. ತಲೆ ತಿರುಗಿದ ಕಡೆಗೆ ಮೀನು ಬರಲೇಬೇಕು. ಕೋಲನ್ನು ನೆಟ್ಟಗೆ ಆಕಾಶಕ್ಕೆ ಎತ್ತಿ ಹಿಡಿದರೆ ತುದಿ ಮಾತ್ರ ಬಾಗುತ್ತದೆ, ಬುಡದ ಬಲ ಕೆಲಸ ಮಾಡುವುದಿಲ್ಲ, ಕೋಲು ಮುರಿಯುವುದೂ ಹಾಗೇ. ಲ್ಯೂರಿಗೆ ಮೂರು ಮೊನೆಯ ಕೊಕ್ಕೆ ಇದ್ದರೆ ತೆಗೆದು ಒಂಟಿ ಕೊಕ್ಕೆ ಹಾಕಿ. ಅದರ ಹಿಮ್ಮುಖದ ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿ. ದಾರ ಸಡಿಲ ಬಿಡದಿದ್ದರೆ ಮುಳ್ಳಿಲ್ಲದ ಕೊಕ್ಕೆಯಿಂದಲೂ ಮೀನು ತಪ್ಪುವುದು ಕಮ್ಮಿ.

ಆ ಸಂಜೆ ಕತ್ತಲಾಗುವ ಹೊತ್ತಿಗೆ ಗೆಳೆಯನ ಕೋಲು ಬಾಗಿತು. ರೀಲು ಕಿರ್ ಎಂದು ಕೂಗಿತು. "ಏನು ಮಾಡ್ಲಿ?" ಅಂದ. "ಏನೂ ಮಾಡಬೇಡ, ಓಡ್ಲಿ" ಅಂದೆ. ಮೂರು ಸಲ ಓಡಿ ನಾಲ್ಕನೇ ನಿಮಿಷಕ್ಕೆ ಮೀನು ಮೊಣಕಾಲು ನೀರಿಗೆ ಬಂತು. ಅಳತೆ ಪಟ್ಟಿಯಲ್ಲಿ 33 ಇಂಚು, ಮಿತಿಗಿಂತ ಎರಡು ಇಂಚು ಜಾಸ್ತಿ. ಕೈ ಒದ್ದೆ ಮಾಡಿಕೊಂಡು ಹೆಬ್ಬೆರಳನ್ನು ಬಾಯೊಳಗಿಟ್ಟು ಕೆಳದುಟಿ ಹಿಡಿಯಲು ಹೇಳಿದೆ. ಕಿವಿರಿನ ಅಂಚು ಚೂರಿಯ ಹಾಗೆ ಕೊಯ್ಯುತ್ತದೆ, ಅಲ್ಲಿ ಬೆರಳು ಹಾಕಬೇಡ ಅಂದೆ. ಕೊಕ್ಕೆ ತಿರುಗಿಸಿದ ಕೂಡಲೇ ಬಿಟ್ಟುಕೊಂಡಿತು. ಮೀನನ್ನು ನೀರಿನಿಂದ ಎತ್ತಲಿಲ್ಲ. ಹರಿವಿಗೆ ಮುಖ ಮಾಡಿ ಹಿಡಿದು ನಿಂತೆವು. ಕಿವಿರು ಒಂದೇ ತಾಳದಲ್ಲಿ ಬಡಿಯತೊಡಗಿತು. ಸ್ವಲ್ಪ ಹೊತ್ತಿಗೆ ಅದು ಅವನ ಹೆಬ್ಬೆರಳನ್ನು ಗಟ್ಟಿಯಾಗಿ ಕಚ್ಚಿ ಹಿಡಿಯಿತು. ಬಲ ಮರಳಿ ಬಂತು ಎನ್ನುವುದಕ್ಕೆ ಅದೇ ಗುರುತು. ಬೆರಳು ಬಿಡಿಸಿದ ಕೂಡಲೇ ಬಾಲ ಒಂದು ಸಲ ಬಡಿದು ಇಬ್ಬರ ಮುಖಕ್ಕೂ ನೀರು ಎರಚಿ ಹೋಯಿತು.

ಕಾರಿನ ದೀಪದಲ್ಲಿ ಅವನು ಹೆಬ್ಬೆರಳು ನೋಡಿಕೊಂಡ. ಉಪ್ಪುಕಾಗದದಲ್ಲಿ ತಿಕ್ಕಿದ ಹಾಗೆ ಚರ್ಮ ಕೆಂಪಾಗಿ ತರಿತರಿಯಾಗಿತ್ತು. ಮನೆ ತಲುಪುವವರೆಗೂ ಅದನ್ನು ಸವರಿಕೊಳ್ಳುತ್ತಲೇ ಇದ್ದ.